ಸುಣ್ಣದಕಲ್ಲು, ಆಸಿಡ್ ಮತ್ತು ಗಯಟೆ

ಎಂಎಸ್‌ಗೆ ಜರ್ಮನಿಗೆ ಹೋಗ್ಬೇಕು ಅಂತ ಕನಸು ಕಾಣೋ ನಮ್ಮ ಸೀನಿಯರ್‌ಗಳಿಗೆಲ್ಲ ಗಯಟೆ ಅನ್ನೋ ಹೆಸರು ಚೆನ್ನಾಗಿ ಗೊತ್ತು. ಬೆಂಗಳೂರಿನ ಇಂದಿರಾನಗರದಲ್ಲಿ ಜರ್ಮನ್ ಕ್ಲಾಸು, ಪರೀಕ್ಷೆ, ಫೀಸು ಎಲ್ಲ ಇರೋದು ಅವನ ಹೆಸರಿನ ಸಂಸ್ಥೆಯಲ್ಲೇ. ಆದ್ರೆ ಆ ಮನುಷ್ಯ ಯಾರು ಅಂತ ಕೇಳಿದ್ರೆ ದೊಡ್ಡ ಕವಿ ಅಂತಾರೆ, ಅಷ್ಟೇ. ಅವನು ಗಣಿ, ರಸ್ತೆ ನೋಡ್ಕೊಳ್ಳೋ ಸರ್ಕಾರಿ ಕೆಲಸದಲ್ಲಿದ್ದ, ಕೆಮಿಸ್ಟ್ರಿಯ ಒಂದು ಪದವನ್ನೇ ಕಾದಂಬರಿಗೆ ಹೆಸರಾಗಿ ಇಟ್ಟ ಅನ್ನೋದು ನಮಗೂ ಇತ್ತೀಚೆಗೆ ತಿಳಿದಿದ್ದು. ಆ ಕಾದಂಬರಿಯ ವಿಷಯ ಈಗ ಎಲ್ಲರೂ ಎಮೋಷನಲ್ ಅಫೇರ್ ಅಂತ ಕರೆಯೋದು. ಮನುಷ್ಯ ತನಗೆ ತಾನೇ ಸುಳ್ಳು ಹೇಳ್ಕೊಂಡು, ಏನೂ ನಡೀತಿಲ್ಲ ಅಂದ್ಕೊಂಡೇ ಅದರೊಳಗೆ ಹೇಗೆ ಇಳೀತಾನೆ ಅನ್ನೋದನ್ನ ಗಯಟೆ ಬರೀ ಊಹಿಸಿ ಬರೆದಿದ್ದಲ್ಲ.

ಗಯಟೆ 1749ರ ಆಗಸ್ಟ್ 28ರಂದು ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದ. ಮಗ ಲಾಯರ್ ಆಗಲೇಬೇಕು ಅಂತ ಅಪ್ಪನ ಹಠ. (ಇಂಥ ಅಪ್ಪಂದಿರು ನಮ್ಮ ಕಡೆಯೂ ಇದ್ದಾರೆ, ಕೋರ್ಸ್ ಮಾತ್ರ ಬೇರೆ.) ಕಾನೂನು ಓದಿ ಮುಗಿಸಿ, 1772ರಲ್ಲಿ ಕೋರ್ಟಿನ ಕೆಲಸ ಕಲಿಯೋಕೆ ಅಂತ ವೆಟ್ಸ್ಲರ್ ಊರಿಗೆ ಬಂದ. ಅಲ್ಲಿ ಒಂದು ನೃತ್ಯಕೂಟದಲ್ಲಿ ಷಾರ್ಲೊಟ್ಟೆ ಬುಫ್ ಸಿಕ್ಕಳು. ಅವಳಿಗೆ 19 ವರ್ಷ, ತಾಯಿ ಇಲ್ಲ, ತಮ್ಮ ತಂಗಿಯರನ್ನ ಅವಳೇ ಸಾಕ್ತಿದ್ದಳು. ಕೆಸ್ಟ್ನರ್ ಅನ್ನೋ ಅಧಿಕಾರಿಯ ಜೊತೆ ಅವಳ ಮದುವೆ ಆಗಲೇ ಗೊತ್ತಾಗಿತ್ತು. ಗಯಟೆ ಕೆಸ್ಟ್ನರ್‌ಗೂ ಗೆಳೆಯನಾದ, ದಿನಾ ಆ ಮನೆಗೆ ಹೋಗೋದು ಅಭ್ಯಾಸವಾಯ್ತು. ಮೂವರೂ ಒಳ್ಳೇ ಫ್ರೆಂಡ್ಸ್. ಈ 'ಒಳ್ಳೇ ಫ್ರೆಂಡ್ಸ್' ಅನ್ನೋ ಮಾತಿನ ಅಡಿಯಲ್ಲಿ ಒಂದು ಇಡೀ ಬೇಸಿಗೆ ಕಳೆದುಹೋಯ್ತು. ಸೆಪ್ಟೆಂಬರ್‌ನಲ್ಲಿ ಒಂದು ದಿನ ಯಾರಿಗೂ ಹೇಳದೆ ಊರು ಬಿಟ್ಟ. ಆಮೇಲೆ ಅವರಿಬ್ಬರ ಮದುವೆ ಉಂಗುರ ಮಾಡಿಸಿ ಕಳಿಸಿದವನೂ ಅವನೇ!

1774ರಲ್ಲಿ ಆ ಅನುಭವಕ್ಕೆ ಇನ್ನೊಬ್ಬ ಪರಿಚಿತನ ಆತ್ಮಹತ್ಯೆಯ ಸುದ್ದಿಯನ್ನ ಸೇರಿಸಿ 'ವೆರ್ಟರ್' ಬರೆದ. ಯುರೋಪಿನಾದ್ಯಂತ ಅದು ಹುಚ್ಚು ಹಿಡಿಸಿತು. ಕೆಸ್ಟ್ನರ್‌ಗೆ ಮಾತ್ರ ಬೇಜಾರಾಯ್ತು. ಆಗಲ್ವಾ ಮತ್ತೆ, ತನ್ನ ಮನೆಯ ಒಳಗಿನ ಕಥೆ ಊರಿಗೆಲ್ಲ ಗೊತ್ತಾಯ್ತಲ್ಲ.

1775ರ ಕೊನೆಯಲ್ಲಿ ವೈಮಾರ್‌ನ ಎಳೆಯ ಡ್ಯೂಕ್ ಕರೆದ ಅಂತ ಅಲ್ಲಿಗೆ ಹೋದ, ಸಾಯೋವರೆಗೆ ಅದೇ ಅವನ ಊರಾಯ್ತು. ಇಲ್ಮೆನೌ ಗಣಿ, ರಸ್ತೆಗಳು, ಆಮೇಲೆ ಖಜಾನೆ, ಒಂದೊಂದಾಗಿ ಅವನ ತಲೆಗೆ ಬಂತು. ಅಲ್ಲೇ ಷಾರ್ಲೊಟ್ಟೆ ಫಾನ್ ಷ್ಟೈನ್ ಪರಿಚಯ. ಅವಳು ಇವನಿಗಿಂತ ಸುಮಾರು 7 ವರ್ಷ ದೊಡ್ಡವಳು, ಮಕ್ಕಳ ತಾಯಿ, ಗಂಡ ಅರಮನೆಯ ಲಾಯದ ಮುಖ್ಯಸ್ಥ. ಹತ್ತು ವರ್ಷ ಅವಳಿಗೆ ಚೀಟಿ, ಪತ್ರ ಬರೆದೇ ಬರೆದ. ಉಳಿದಿರೋವೇ ಸುಮಾರು 1,700. ಇದಕ್ಕೆ ಇವರು ಕೊಟ್ಟುಕೊಂಡ ಹೆಸರುಗಳನ್ನ ನೋಡಿ: ಆತ್ಮದ ಸ್ನೇಹ, ಜೊತೆಗೂಡಿ ಓದೋದು, ತಿದ್ದಿಕೊಳ್ಳೋದು. ಅವಳ ಮಗ ಫ್ರಿಟ್ಸ್‌ನನ್ನ ಓದಿಸ್ತೀನಿ ಅಂತ ತನ್ನ ಮನೆಯಲ್ಲೇ ಇಟ್ಟುಕೊಂಡ. ಹುಡುಗನನ್ನ ನಿಜವಾಗ್ಲೂ ಓದಿಸಿದ, ಅದರಲ್ಲಿ ಸುಳ್ಳಿಲ್ಲ. ನಮಗೆ ಅನ್ಸೋದು, ಇಂಥ ಕಾರಣಗಳು ಪೂರ್ತಿ ಸುಳ್ಳಾಗಿರಲ್ಲ, ಅದಕ್ಕೇ ಅವು ಹತ್ತು ವರ್ಷ ಬಾಳಿಕೆ ಬರ್ತವೆ.

1786ರ ಸೆಪ್ಟೆಂಬರ್ 3ರ ಬೆಳಗಿನ ಜಾವ ಗಯಟೆ ಮತ್ತೆ ಅದೇ ಹಳೇ ಕೆಲಸ ಮಾಡಿದ. ಅವಳಿಗೂ ಹೇಳದೆ, ಬೇರೆ ಹೆಸರಿಟ್ಟುಕೊಂಡು ಇಟಲಿಗೆ ಹೊರಟುಬಿಟ್ಟ. ವಾಪಸ್ ಬಂದಮೇಲೆ 1788ರಲ್ಲಿ ಕ್ರಿಸ್ಟಿಯಾನೆ ವುಲ್ಪಿಯುಸ್ ಅನ್ನೋ, ಬಟ್ಟೆಯ ಹೂವು ಮಾಡೋ ಹುಡುಗಿಯ ಜೊತೆ ಬಾಳೋಕೆ ಶುರು ಮಾಡಿದ. ವೈಮಾರ್‌ನ ದೊಡ್ಡ ಮನೆಯವರು ಅವಳನ್ನ ಮನುಷ್ಯಳು ಅಂತಲೇ ಲೆಕ್ಕಕ್ಕೆ ತಗೊಳ್ಳಲಿಲ್ಲ. 1806ರ ಅಕ್ಟೋಬರ್‌ನಲ್ಲಿ ನೆಪೋಲಿಯನ್ನನ ಸೈನಿಕರು ಮನೆಗೆ ನುಗ್ಗಿದಾಗ ಗಯಟೆಗೆ ಅಡ್ಡ ನಿಂತು ಕಾಪಾಡಿದ್ದು ಅವಳೇ. ಕೆಲವೇ ದಿನದಲ್ಲಿ ಅವಳನ್ನ ಮದುವೆಯಾದ. 18 ವರ್ಷ ತಡ.

ಮದುವೆಯಾದ ಮುಂದಿನ ಚಳಿಗಾಲ ಯೇನಾ ಊರಲ್ಲಿ, ಪುಸ್ತಕ ವ್ಯಾಪಾರಿ ಫ್ರೊಮನ್ ಮನೆಯಲ್ಲಿ, ಮಿನ್ನಾ ಹೆರ್ಟ್ಸ್‌ಲೀಬ್ ಕಣ್ಣಿಗೆ ಬಿದ್ದಳು. ಚಿಕ್ಕ ಮಗುವಾಗಿದ್ದಾಗಿಂದ ನೋಡಿದ್ದ ಸಾಕುಮಗಳು, ಈಗ 18. ಅವನಿಗೆ 58. ಸಾನೆಟ್ ಬರೆಯೋ ಆಟ ಅಂತ ಶುರುವಾಯ್ತು, ಬರೀ ಆಟ. 1809ರಲ್ಲಿ ಕಾದಂಬರಿ ಬಂತು. ಇಂಗ್ಲಿಷಿನಲ್ಲಿ ಅದರ ಹೆಸರು 'ಎಲೆಕ್ಟಿವ್ ಅಫಿನಿಟೀಸ್'. (ನಾವು ಪ್ರತಿ ಸೆಮ್ ಆರಿಸೋ ಎಲೆಕ್ಟಿವ್‌ಗೂ ಇದಕ್ಕೂ ಸಂಬಂಧ ಇಲ್ಲ.) ಯಾವ ವಸ್ತು ಯಾವುದನ್ನ ಬಿಟ್ಟು ಯಾವುದನ್ನ ಸೇರುತ್ತೆ ಅನ್ನೋದಕ್ಕೆ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬೆರ್ಗ್‌ಮನ್ ಬಳಸಿದ್ದ ಪದ ಅದು.

ಕಥೆ ಇಷ್ಟು. ಎಡ್ವರ್ಡ್, ಷಾರ್ಲೊಟ್ಟೆ ಹಳೇ ಪ್ರೇಮಿಗಳು. ಇಬ್ಬರಿಗೂ ಬೇರೆ ಮದುವೆ ಆಗಿ, ಆ ಸಂಗಾತಿಗಳು ತೀರಿಕೊಂಡು, ಈಗ ಒಂದಾಗಿ ಹಳ್ಳಿಯ ಎಸ್ಟೇಟ್‌ನಲ್ಲಿ ಆರಾಮಾಗಿದ್ದಾರೆ. ಕೆಲಸ ಇಲ್ಲದ ಗೆಳೆಯ ಕ್ಯಾಪ್ಟನ್‌ನನ್ನ ಎಡ್ವರ್ಡ್ ಕರೆಸ್ತಾನೆ. ಜಮೀನು ಸರ್ವೆ ಮಾಡೋಕೆ ಅಂತ. ಒಂದು ಸಂಜೆ ಮೂವರೂ ಕೂತು ಕೆಮಿಸ್ಟ್ರಿ ಮಾತಾಡ್ತಾರೆ. ಸುಣ್ಣದಕಲ್ಲಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿದ್ರೆ ಜಿಪ್ಸಮ್ ಆಗುತ್ತೆ, ಗ್ಯಾಸ್ ಬಿಟ್ಟುಹೋಗುತ್ತೆ. ಫಸ್ಟ್ ಇಯರ್ ಲ್ಯಾಬ್ ಮಾಡಿದವರಿಗೆ ಹೊಸದೇನಲ್ಲ. ಜಾಗ ಕಳ್ಕೊಂಡ ಆ ಗ್ಯಾಸ್ ಬಗ್ಗೆ ಷಾರ್ಲೊಟ್ಟೆಗೆ ಪಾಪ ಅನ್ಸುತ್ತೆ. ಆಮೇಲೆ ಎರಡು ಜೋಡಿಗಳು ಪಾಲುದಾರರನ್ನ ಬದಲಾಯಿಸ್ಕೊಳ್ಳೋ ಸಮೀಕರಣ ಬರುತ್ತೆ. ಎಡ್ವರ್ಡ್ ತಮಾಷೆಗೆ ಅದನ್ನ ತಮಗೇ ಹಚ್ಚುತ್ತಾನೆ: ಕ್ಯಾಪ್ಟನ್ ನನ್ನನ್ನ ಸೆಳ್ಕೊಂಡ, ಹಾಗಾದ್ರೆ ಒಂಟಿಯಾದ ಷಾರ್ಲೊಟ್ಟೆಗೆ ಜೊತೆಯಾಗಿ ಅವಳ ಸೋದರ ಸಂಬಂಧಿ ಹುಡುಗಿ ಒಟ್ಟಿಲಿಯೆ ಬರ್ಲಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಎಷ್ಟು ಸೇಫ್! ಸಮೀಕರಣ ಕಣ್ಣೆದುರಿಗೇ ಇದೆ, ಓದಿದ್ದು ಮಾತ್ರ ತಮಗೆ ಬೇಕಾದ ಹಾಗೆ.

ಆಮೇಲೆ ಏನೂ ಆಗಲ್ಲ, ಸಣ್ಣ ಸಣ್ಣದು ಬಿಟ್ರೆ. ತಾನು ಓದುವಾಗ ಹೆಂಡತಿ ಪುಸ್ತಕದೊಳಗೆ ಇಣುಕಿದ್ರೆ ಸಿಡುಕೋ ಎಡ್ವರ್ಡ್, ಒಟ್ಟಿಲಿಯೆ ಇಣುಕಿದ್ರೆ ಅವಳಿಗೆ ಕಾಣ್ಲಿ ಅಂತ ಹತ್ತಿರ ಸರಿದು ಕೂರ್ತಾನೆ. ಅವನು ಕೊಳಲನ್ನ ತಾಳ ತಪ್ಪಿ ನುಡಿಸಿದ್ರೆ, ಅವಳು ಆ ತಪ್ಪಿಗೇ ಹೊಂದೋ ಹಾಗೆ ಪಿಯಾನೋ ನುಡಿಸ್ತಾಳೆ. ಅವನಿಗೋಸ್ಕರ ಒಂದು ದಸ್ತಾವೇಜಿನ ಪ್ರತಿ ಮಾಡ್ತಾಳೆ, ಮೊದಲ ಪುಟದಲ್ಲಿ ಅವಳ ಅಕ್ಷರ, ಕೊನೇ ಪುಟಗಳಲ್ಲಿ ಥೇಟ್ ಅವನದೇ ಅಕ್ಷರ. ಅಲ್ಲಿಗೆ ಎಡ್ವರ್ಡ್‌ಗೆ ಗೊತ್ತಾಗುತ್ತೆ. ಇವುಗಳಲ್ಲಿ ಒಂದನ್ನೂ ತಪ್ಪು ಅಂತ ಬೆರಳು ಮಾಡೋಕಾಗಲ್ಲ. ನಮಗೆ ಇಡೀ ಕಾದಂಬರಿಯಲ್ಲಿ ಭಯ ಹುಟ್ಟಿಸಿದ್ದು ಇದೇ, ಮುಂದೆ ಬರೋ ಸಾವುಗಳಲ್ಲ.

ಎಡ್ವರ್ಡ್ ಮಾತ್ರ ವಿಧಿಯ ಸಂಕೇತ ಹುಡುಕ್ತಾನೆ. ಕಟ್ಟಡದ ಶಂಕುಸ್ಥಾಪನೆ ದಿನ ಮೇಲೆ ಎಸೆದ ಗಾಜಿನ ಲೋಟ ಒಡೆಯದೆ ಉಳೀತು. ಅದರ ಮೇಲೆ ಇ, ಒ ಅಂತ ಅಕ್ಷರ. ಅದು ಅವನದೇ ಎರಡು ಹೆಸರುಗಳ ಮೊದಲಕ್ಷರ, ಆದ್ರೆ ಅವನಿಗೆ ಕಂಡಿದ್ದು ಎಡ್ವರ್ಡ್ ಮತ್ತು ಒಟ್ಟಿಲಿಯೆ. ಕಾದಂಬರಿಯ ಕೊನೆಗೆ ಗೊತ್ತಾಗುತ್ತೆ, ಆ ಲೋಟ ಯಾವಾಗಲೋ ಒಡೆದಿತ್ತು, ಆಳು ಅದೇ ಥರದ ಬೇರೆ ಲೋಟ ತಂದಿಟ್ಟಿದ್ದ.

ಇದೆಲ್ಲ ಕೆಮಿಸ್ಟ್ರಿ, ಮನುಷ್ಯರ ತಪ್ಪೇನಿದೆ ಅಂತ ಕೆಲವರು ಓದ್ತಾರೆ. ನಾವು ಒಪ್ಪಲ್ಲ. ಅದೇ ಮನೆ, ಅದೇ ಸೆಳೆತ, ಷಾರ್ಲೊಟ್ಟೆಗೂ ಕ್ಯಾಪ್ಟನ್‌ಗೂ ಇತ್ತು. ಒಂದು ಮುತ್ತಿನವರೆಗೆ ಹೋಯ್ತು ಕೂಡ. ಅಲ್ಲಿ ಅವಳು ಇದು ಏನು ಅಂತ ತನಗೆ ತಾನೇ ಹೇಳ್ಕೊಂಡಳು. ಅವನು ಬೇರೆ ಕೆಲಸಕ್ಕೆ ಹೊರಟುಹೋದ. ಸುಣ್ಣದಕಲ್ಲಿಗೆ ಹಾಗೆ ಹೊರಡೋಕೆ ಬರಲ್ಲ.

ಗಯಟೆಗೆ ಬರ್ತಿತ್ತು, ಆದ್ರೆ ಅವನು ಹೊರಟಾಗೆಲ್ಲ ಹಿಂದೆ ಉಳಿದವರಿಗೆ ಒಂದು ಮಾತೂ ಹೇಳಲಿಲ್ಲ. ಕ್ರಿಸ್ಟಿಯಾನೆ 1816ರ ಜೂನ್‌ನಲ್ಲಿ ತೀರಿಕೊಂಡಳು. ಅವನು 1832ರ ಮಾರ್ಚ್ 22ರವರೆಗೆ ಬದುಕಿದ, 70 ದಾಟಿದ ಮೇಲೂ ಒಮ್ಮೆ ಹದಿಹರೆಯದ ಹುಡುಗಿಯೊಬ್ಬಳ ಹಿಂದೆ ಬಿದ್ದು ಪೆಟ್ಟು ತಿಂದ. ಅವನ ಆ 1,700 ಪತ್ರಗಳು ಅಚ್ಚಾಗಿವೆ, ಯಾರು ಬೇಕಾದ್ರೂ ಓದಬಹುದು. ಷಾರ್ಲೊಟ್ಟೆ ಫಾನ್ ಷ್ಟೈನ್ ಮಾತ್ರ ಸಂಬಂಧ ಮುರಿದ ಮೇಲೆ ತನ್ನ ಪತ್ರಗಳನ್ನ ವಾಪಸ್ ಕೇಳಿ ತಗೊಂಡು, ನಾಶ ಮಾಡಿಬಿಟ್ಟಳು.