ಕಪ್ ನಮ್ದಾಗೋಕೆ 40 ವರ್ಷ: ಎಂ. ಚಿನ್ನಸ್ವಾಮಿ

ಆರ್‌ಸಿಬಿ ಮ್ಯಾಚ್ ಇದ್ದ ದಿನ ಹಾಸ್ಟೆಲ್‌ನಲ್ಲಿ ಚಿನ್ನಸ್ವಾಮಿ ಅನ್ನೋ ಹೆಸರು ಎಷ್ಟು ಸಲ ಕೇಳ್ತೀವೋ ಲೆಕ್ಕವಿಲ್ಲ. 18ನೇ ಸೀಸನ್‌ನಲ್ಲಿ, 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಕಪ್ ಬಂತು. ಮರುದಿನ ಬೆಂಗಳೂರಿನ ಅದೇ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಜನ ಜೀವ ಕಳೆದುಕೊಂಡರು. ಎರಡನ್ನೂ ನಾವು ಮರೆಯೋದಿಲ್ಲ. ಆದ್ರೆ ಆ ಚಿನ್ನಸ್ವಾಮಿ ಯಾರು ಅಂತ ಕೇಳಿದ್ರೆ, ಹಳೇ ಬ್ಯಾಟ್ಸ್‌ಮನ್ ಇರಬೇಕು ಅಂತ ಸುಮ್ಮನಾಗ್ತೀವಿ.

ಮಂಗಳಂ ಚಿನ್ನಸ್ವಾಮಿ ಮೊದಲಿಯಾರ್ ಮಂಡ್ಯದ ವಕೀಲರು. ಹುಟ್ಟಿದ್ದು 1900ರ ಮಾರ್ಚ್ 29ರಂದು. ಹೆಸರು ಬಂದದ್ದು ಆಡಿಸಿದ್ದರಿಂದ, ಆಡಿದ್ದರಿಂದಲ್ಲ. 1953ರಲ್ಲಿ ಅವರು ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆಯ ಕಾರ್ಯದರ್ಶಿಯಾದಾಗ ತಂಡದ ಕಪಾಟಿನಲ್ಲಿ ಒಂದೇ ಒಂದು ರಣಜಿ ಟ್ರೋಫಿ ಇರಲಿಲ್ಲ. ಶುರುವೇ ಹಾಗಿತ್ತು. 1934ರ ನವೆಂಬರ್ 4ರಂದು ರಣಜಿಯ ಮೊಟ್ಟಮೊದಲ ಪಂದ್ಯದಲ್ಲಿ ಮದ್ರಾಸ್ ಎದುರು ಮೈಸೂರು 48 ಮತ್ತು 59ಕ್ಕೆ ಆಲೌಟ್! ಪಂದ್ಯ ಒಂದೇ ದಿನಕ್ಕೆ ಮುಗಿದಿತ್ತು. 1941-42ರಲ್ಲಿ ಫೈನಲ್ ತಲುಪಿದರೂ ಬಾಂಬೆ ಬಿಡಲಿಲ್ಲ.

ನಮ್ಮ ಕಡೆಯವರಿಗೆ ಇಲ್ಲೊಂದು ತಮಾಷೆ ಇದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಹೈದರಾಬಾದ್ 1937-38ರಲ್ಲೇ ನವಾನಗರವನ್ನು ಒಂದೇ ವಿಕೆಟ್‌ನಿಂದ ಸೋಲಿಸಿ ರಣಜಿ ಗೆದ್ದಿತ್ತು. ಅಂದ್ರೆ ಕಪ್ ಇದ್ದ ಮನೆ ಬಿಟ್ಟು ಕಪ್ ಇಲ್ಲದ ಮನೆಗೆ ಬಂದವರು ನಾವು. (ಕನ್ನಡದ ಮನೆಗೆ ಬಂದೆವು, ತಕರಾರೇನಿಲ್ಲ.)

ಬಂದ ಮೇಲಾದ್ರೂ ಸುಖ ಇತ್ತಾ? 1958-59ರಿಂದ 1972-73ರವರೆಗೆ ಬಾಂಬೆ ಸತತ 15 ಸಲ ಚಾಂಪಿಯನ್. 1959-60ರ ಫೈನಲ್‌ನಲ್ಲಿ ಸೋತವರೂ ನಾವೇ. ಎಷ್ಟು ಸಲ ಬರೆದರೂ ಕ್ಲಿಯರ್ ಆಗದ ಬ್ಯಾಕ್ ಇದ್ದ ಹಾಗೆ.

ಈ ಬರಗಾಲದ ಇಪ್ಪತ್ತು ವರ್ಷ ಚಿನ್ನಸ್ವಾಮಿಯವರು ಕುರ್ಚಿ ಬಿಡಲಿಲ್ಲ. ಇವತ್ತಾಗಿದ್ರೆ ಟ್ರೋಲ್ ಮಾಡಿಯೇ ಓಡಿಸ್ತಿದ್ವಿ. ಬೆಂಗಳೂರಿನ ಪಂದ್ಯಗಳು ಆಗ ನಡೀತಿದ್ದದ್ದು ಸೆಂಟ್ರಲ್ ಕಾಲೇಜು ಮೈದಾನದಲ್ಲಿ. ಸಂಸ್ಥೆಗೆ ಸ್ವಂತ ಅಂಗಳ ಬೇಕು ಅಂತ ಅವರು ಹಿಡಿದ ಹಟ ಸರ್ಕಾರದ ನೆರವಿನಿಂದ ದಡ ಸೇರಿತು. 1969ರಲ್ಲಿ ಅಡಿಗಲ್ಲು ಬಿತ್ತು, 1970ರಲ್ಲಿ ಕಟ್ಟಡದ ಕೆಲಸ ಶುರುವಾಯ್ತು. ಅಂಗಳ ಕಟ್ಟಿದ ಮಾತ್ರಕ್ಕೆ ಕಪ್ ಬರಲ್ಲ, ನಿಜ. ಚಂದ್ರಶೇಖರ್, ವಿಶ್ವನಾಥ್ ಇಲ್ಲದೆ ಯಾವ ಕಾರ್ಯದರ್ಶಿ ಏನು ಮಾಡಿಯಾರು? ಆದರೂ ಸೋಲುತ್ತಲೇ ಇರುವ ತಂಡಕ್ಕೆ ಅಷ್ಟು ದೊಡ್ಡ ಮನೆ ಕಟ್ಟೋಕೆ ಬೇರೆಯೇ ಎದೆ ಬೇಕು ಅನ್ನೋದು ನಮ್ಮ ಅನಿಸಿಕೆ.

1973ರ ನವೆಂಬರ್‌ನಲ್ಲಿ ರಾಜ್ಯದ ಹೆಸರು ಕರ್ನಾಟಕ ಆಯ್ತು. ಅದೇ ಸೀಸನ್‌ನ ಸೆಮಿಫೈನಲ್, ಅದೇ ಹೊಸ ಸ್ಟೇಡಿಯಂನಲ್ಲಿ, ಎದುರಿಗೆ ಮತ್ತೆ ಬಾಂಬೆ. ನಾಯಕ ಪ್ರಸನ್ನ, ಎಂಜಿನಿಯರಿಂಗ್ ಮುಗಿಸೋಕೆ ಸುಮಾರು ಐದು ವರ್ಷ ಟೆಸ್ಟ್ ಕ್ರಿಕೆಟ್ಟನ್ನೇ ಬಿಟ್ಟಿದ್ದವರು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗವಾಸ್ಕರ್ ಪ್ರಸನ್ನ ಎಸೆತಕ್ಕೆ ಬೌಲ್ಡ್, ವಾಡೇಕರ್ ಪಿಚ್ ಮೇಲೆ ಜಾರಿ ರನೌಟ್. ಮೊದಲ ಇನಿಂಗ್ಸ್‌ನ ಮುನ್ನಡೆ ಸಿಕ್ಕಿತು, ಸಾಕಾಯ್ತು. ಫೈನಲ್‌ನಲ್ಲಿ ಜೈಪುರಕ್ಕೆ ಹೋಗಿ ರಾಜಸ್ಥಾನವನ್ನು ಸೋಲಿಸಿ ಬಂದರು. ಮೈಸೂರು ಅನ್ನೋ ಹೆಸರಿನಲ್ಲಿ ಒಮ್ಮೆಯೂ ಸಿಗದ ಕಪ್, ಕರ್ನಾಟಕ ಅನ್ನೋ ಹೆಸರಿನ ಮೊದಲ ವರ್ಷವೇ ಕೈಗೆ! ಅದೇ ವರ್ಷ ನವೆಂಬರ್‌ನಲ್ಲಿ ಆ ಅಂಗಳದಲ್ಲಿ ಮೊದಲ ಟೆಸ್ಟ್ ಕೂಡ ಆಯ್ತು. ವಿವಿಯನ್ ರಿಚರ್ಡ್ಸ್, ಗ್ರೀನಿಜ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಅಲ್ಲೇ.

ಚಿನ್ನಸ್ವಾಮಿಯವರು 1977ರಿಂದ 1980ರವರೆಗೆ ಬಿಸಿಸಿಐ ಅಧ್ಯಕ್ಷರಾಗಿದ್ದರು. ರಾಜ್ಯ ಸಂಸ್ಥೆಯಲ್ಲಿ 1978ರವರೆಗೆ ಕಾರ್ಯದರ್ಶಿ, ಆಮೇಲೆ 1990ರವರೆಗೆ ಅಧ್ಯಕ್ಷ. ಕೆಎಸ್‌ಸಿಎ ಸ್ಟೇಡಿಯಂ ಎಂದಿದ್ದದ್ದಕ್ಕೆ ಅವರ ಹೆಸರು ಬಂದದ್ದು ಆಮೇಲೆ. 1991ರ ನವೆಂಬರ್ 8ರಂದು ತೀರಿಕೊಂಡಾಗ ಅವರಿಗೆ 91 ವರ್ಷ. ಅಷ್ಟರಲ್ಲಿ ರಣಜಿ ಕಪ್ ಮೂರು ಸಲ ಮನೆಗೆ ಬಂದಿತ್ತು. ಮೂರನೆಯದು 1982-83ರಲ್ಲಿ ಬಾಂಬೆಯ ಅಂಗಳಕ್ಕೇ ಹೋಗಿ, ಬಾಂಬೆಯಿಂದಲೇ ಕಿತ್ತು ತಂದದ್ದು.