ಬರೆಯಿಸಿದ ಗುರು

ಸಾಹಿತ್ಯದ ಚರಿತ್ರೆಯಲ್ಲಿ ಬರೆದವರ ಹೆಸರು ನಿಲ್ಲುವುದು ಸಹಜ. ಬರೆಯಿಸಿದವರ ಹೆಸರು ನಿಲ್ಲುವುದು ಅಪೂರ್ವ. ಅಂಥ ಅಪೂರ್ವವಾದ ಹೆಸರುಗಳಲ್ಲೊಂದು ತಳುಕಿನ ವೆಂಕಣ್ಣಯ್ಯನವರದು. ಅವರನ್ನು ನಾನು ಕಂಡವನಲ್ಲ. ನಾನು ಹುಟ್ಟುವುದಕ್ಕೆ ಬಹಳ ಮೊದಲೇ ಅವರು ತೀರಿಕೊಂಡಿದ್ದರು. ಆದರೂ ಉಪಾಧ್ಯಾಯ ವೃತ್ತಿಯಲ್ಲಿ ನನ್ನ ಕಣ್ಣು ತೆರೆಸಿದವರು ಅವರೇ. ಅದು ಹೇಗೆಂಬುದನ್ನು ಹೇಳಬೇಕಾದರೆ ನನ್ನದೇ ಒಂದು ತಪ್ಪಿನಿಂದ ತೊಡಗಬೇಕು.

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಅಲ್ಲಿಯ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಒಬ್ಬ ಹುಡುಗ ತಂದೆಯ ತೋಟವನ್ನು ಕುರಿತು ಎರಡು ಪುಟ ಬರೆದು ತಂದ. ನಡುರಾತ್ರಿ ಕರೆಂಟು ಬಂದಾಗ ತಂದೆಯ ಹಿಂದೆ ಬ್ಯಾಟರಿ ಹಿಡಿದು ನೀರು ಹಾಯಿಸಲು ಹೋದದ್ದು, ಕತ್ತಲಲ್ಲಿ ನೀರಿನ ಸಪ್ಪಳ ಕೇಳುತ್ತ ಬದುವಿನ ಮೇಲೆ ಕುಳಿತದ್ದು, ಇವನ್ನೆಲ್ಲ ಕಂಡಂತೆಯೇ ಬರೆದಿದ್ದ. ಬಾಳೆ ಎಂಬುದನ್ನು ಮನೆಯಲ್ಲಿ ಆಡುವಂತೆ ಬಾಳಿ ಎಂದೇ ಬರೆದಿದ್ದ. ಕ್ರಿಯಾಪದಗಳೂ ನಮ್ಮ ಸೀಮೆಯ ಆಡುನುಡಿಯವೇ. ನಾನು ಕೆಂಪು ಮಸಿಯಿಂದ ಅವನ್ನೆಲ್ಲ ಸುತ್ತಿ ಕೊಟ್ಟೆ. ಮೆಚ್ಚುಗೆಯ ಒಂದು ಮಾತನ್ನೂ ಬರೆಯಲಿಲ್ಲ. ಮುಂದಿನ ವಾರ ಅವನು ಬರೆದದ್ದು ನಾಲ್ಕೇ ಸಾಲು. ಅದರಲ್ಲಿ ತಪ್ಪೂ ಇರಲಿಲ್ಲ, ಜೀವವೂ ಇರಲಿಲ್ಲ. ಆ ವರ್ಷವೆಲ್ಲ ಅವನು ಅಷ್ಟೇ ಬರೆದ.

ಮುಂದೆ ಕೆಲವು ವರ್ಷಗಳಿಗೆ, ಕಲಬುರಗಿಯಲ್ಲಿ ಒಂದು ಮಧ್ಯಾಹ್ನ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ತೆರೆದು ಕುಳಿತೆ. ಕೃತಿಯನ್ನು ಅವರು ಅರ್ಪಿಸಿರುವುದು ಅರಸರಿಗಲ್ಲ, ದಾನಿಗಳಿಗಲ್ಲ; ತಮಗೆ ಪಾಠ ಹೇಳಿದ ವೆಂಕಣ್ಣಯ್ಯನವರಿಗೆ. ಹಿಂದೆಯೂ ಆ ಪುಟವನ್ನು ಓದಿದ್ದೆ. ಆದರೆ ಅಂದು ಆ ಹುಡುಗನ ನೆನಪು ಬಂದು ಮುಂದಿನ ಪುಟ ತಿರುವಲಾಗಲಿಲ್ಲ. ಶಿಷ್ಯನಿಂದ ಇಂಥ ಕಾಣಿಕೆ ಪಡೆಯಬೇಕಾದರೆ ಆ ಗುರು ಏನು ಮಾಡಿದ್ದಿರಬೇಕು? ಅಂದಿನಿಂದ ಅವರ ಬಾಳನ್ನು ಅರಸುತ್ತ ಓದಿದೆ.

ವೆಂಕಣ್ಣಯ್ಯನವರು 1885ರಲ್ಲಿ ಹುಟ್ಟಿದರು. ಚಿತ್ರದುರ್ಗದ ಸೀಮೆಯ ತಳುಕು ಅವರ ಊರು. ಕನ್ನಡ ಕಾದಂಬರಿಗೆ ಹೆಸರಾದ ತ.ರಾ.ಸು. ಅವರೂ ಇದೇ ಮನೆತನದ ಕುಡಿ. ಎತ್ತರದ ಆಳು, ಅದಕ್ಕೆ ತಕ್ಕಂತೆ ಮನಸ್ಸೂ ವಿಶಾಲ. ಸಮಕಾಲೀನರಾದ ಎ.ಆರ್. ಕೃಷ್ಣಶಾಸ್ತ್ರಿಗಳು ಅವರ ಆಪ್ತ ಮಿತ್ರರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನೂ 'ಪ್ರಬುದ್ಧ ಕರ್ಣಾಟಕ'ವನ್ನೂ ಕಟ್ಟಿ, ಕಾಲೇಜಿನ ಹುಡುಗರು ಕನ್ನಡದಲ್ಲಿ ಬರೆಯುವುದು ಗೌರವದ ಕೆಲಸವೆಂದು ತೋರಿಸಿಕೊಟ್ಟವರು ಆ ಶಾಸ್ತ್ರಿಗಳು. ಇಬ್ಬರೂ ಕೂಡಿ 'ಹರಿಶ್ಚಂದ್ರ ಕಾವ್ಯ ಸಂಗ್ರಹ'ವನ್ನು ಸಿದ್ಧಪಡಿಸಿದರು. ವೆಂಕಣ್ಣಯ್ಯನವರು ಹರಿಹರನ 'ಬಸವರಾಜದೇವರ ರಗಳೆ'ಯನ್ನು ಸಂಪಾದಿಸಿದರು. ಕಲ್ಯಾಣದ ನೆರೆಯವರಾದ ನಮಗೆ ಇದೊಂದು ಬಗೆಯ ಋಣ. ಅವರ ವಿದ್ವತ್ತಿನೆದುರು ಅವರ ಬರಹದ ರಾಶಿ ಚಿಕ್ಕದು. ಅವರ ಹೊತ್ತಿನ ದೊಡ್ಡ ಪಾಲು ವಿದ್ಯಾರ್ಥಿಗಳಿಗೆ ಸಂದುಹೋಯಿತು.

1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡದಲ್ಲಿ ಎಂ.ಎ. ತರಗತಿಯನ್ನು ತೆರೆದಾಗ ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಭಾರ ಹೊತ್ತವರು ವೆಂಕಣ್ಣಯ್ಯನವರು. ಆಗ ಕುವೆಂಪು ತತ್ತ್ವಶಾಸ್ತ್ರದ ಎಂ.ಎ. ಓದಬೇಕೆಂದಿದ್ದ ತರುಣ. ಅದಕ್ಕೆ ಮೂರು ವರ್ಷ ಹಿಂದೆ, 1924ರಲ್ಲಿ, ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಈ ತರುಣನ ಇಂಗ್ಲಿಷ್ ಪದ್ಯಗಳನ್ನು ನೋಡಿ, ತನ್ನ ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ್ದರು. ಕಸಿನ್ಸ್ ದಾರಿಯನ್ನು ತೋರಿಸಿದರು. ಆ ದಾರಿಯಲ್ಲಿ ಜೊತೆಗೆ ನಡೆದವರು ವೆಂಕಣ್ಣಯ್ಯನವರು. ಕನ್ನಡದ ಎಂ.ಎ.ಗೇ ಸೇರುವಂತೆ ಅವರು ಒಪ್ಪಿಸಿದರು. ಕನ್ನಡ ಓದಿದವನಿಗೆ ಅನ್ನದ ಭರವಸೆ ಇಲ್ಲದಿದ್ದ ಕಾಲವದು. ಆ ಒತ್ತಾಯದ ಹಿಂದೆ ಮೆಚ್ಚುಗೆಯಷ್ಟೇ ಅಲ್ಲ, ಒಂದು ನಿರೀಕ್ಷೆಯೂ ಇತ್ತು. ನೀನು ಬರೆದದ್ದು ಚೆನ್ನಾಗಿದೆ ಎನ್ನುವುದು ಅರ್ಧ ಮಾತು. ಇದಕ್ಕಿಂತ ದೊಡ್ಡದು ನಿನ್ನಿಂದ ಆಗಬೇಕಾಗಿದೆ ಎನ್ನುವುದು ಉಳಿದರ್ಧ.

ಆ ದೊಡ್ಡದನ್ನು ನೋಡುವ ಭಾಗ್ಯ ಗುರುವಿಗೆ ಇರಲಿಲ್ಲ. 1939ರಲ್ಲಿ, ಐವತ್ತನಾಲ್ಕು ತುಂಬುವ ಮುನ್ನವೇ, ಅವರು ಕಾಲವಾದರು. 'ಶ್ರೀ ರಾಮಾಯಣ ದರ್ಶನಂ' ಅಚ್ಚಾಗಿ ಬಂದದ್ದು 1949ರಲ್ಲಿ. 1955ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. 1967ರ ಜ್ಞಾನಪೀಠವೂ ಅದನ್ನು ಅರಸಿ ಬಂತು. ಇಲ್ಲದ ಗುರುವಿನ ಎದುರಿಗೆ ನಿಂತು, ಹೇಳಿದ ಕೆಲಸವನ್ನು ಮುಗಿಸಿ ತಂದಿರುವೆನೆಂದು ಶಿಷ್ಯನು ಅರಿಕೆ ಮಾಡಿಕೊಂಡಂತಿದೆ ಆ ಅರ್ಪಣೆ. ಉಪಾಧ್ಯಾಯನ ಮಾತು ಅವನ ಆಯುಸ್ಸಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನನಗೆ ಭಯ ಹುಟ್ಟಿಸಿದ್ದೂ ಅದೇ: ಒಳ್ಳೆಯ ಮಾತು ಹಾಗೆ ಬಾಳುವುದಾದರೆ, ಕೆಂಪು ಮಸಿಯೂ ಬಾಳಬೇಕಲ್ಲವೆ?

ನಮ್ಮ ಸೀಮೆಯಲ್ಲಿ ಈ ಭಯಕ್ಕೆ ಇನ್ನೊಂದು ಕಾರಣವುಂಟು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಇದು ನಿಜಾಮರ ರಾಜ್ಯ. ಮೇಲಿನ ತರಗತಿಗಳ ಪಾಠ ಉರ್ದುವಿನಲ್ಲಿ. ನಮ್ಮ ಅಜ್ಜಂದಿರ ಕನ್ನಡಕ್ಕೆ ಶಾಲೆಯ ಆಸರೆ ಇರಲಿಲ್ಲ; ಹೊಲದಲ್ಲಿ, ಒಲೆಯ ಮುಂದೆ, ಭಜನೆಯಲ್ಲಿ ಅದು ಉಳಿದು ಬಂತು. ಆ ಹುಡುಗ ಬರೆದ ಬಾಳಿ ಅಲ್ಲಿಂದ ಬಂದ ಮಾತು. ಗ್ರಂಥಸ್ಥ ರೂಪವನ್ನು ಅವನಿಗೆ ನಾನು ಕಲಿಸಲೇಬೇಕಿತ್ತು, ನಿಜ. ಆದರೆ ಮೊದಲು ಆ ನಡುರಾತ್ರಿಯ ನೀರಿನ ಸಪ್ಪಳ ನನಗೂ ಕೇಳಿಸಿತೆಂದು ಹೇಳಬೇಕಿತ್ತು.

ಈಗ ಯಾವ ಮಗುವಿನ ಬರಹ ಬಂದರೂ ಅದರಲ್ಲಿ ಜೀವವಿರುವ ಸಾಲನ್ನು ಮೊದಲು ಹುಡುಕುತ್ತೇನೆ. ಅದರ ಕೆಳಗೆ ಗೆರೆ ಎಳೆದು, ಅದು ಏಕೆ ಹಿಡಿಸಿತೆಂದು ಪಕ್ಕದಲ್ಲಿ ಬರೆಯುತ್ತೇನೆ. ಬರಿಯ ಶಹಭಾಸ್‌ಗಿರಿಯನ್ನು ಮಕ್ಕಳು ನಂಬುವುದಿಲ್ಲ. ಇಂಥ ಸಾಲು ಎಂದು ಬೆರಳಿಟ್ಟು ತೋರಿಸಿದರೆ ನಂಬುತ್ತಾರೆ. ತಿದ್ದುಪಡಿ ಆಮೇಲೆ, ಅದೂ ಒಂದು ಸಲಕ್ಕೆ ಒಂದೆರಡು. ಹೀಗೆ ತಿದ್ದಿಸಿಕೊಂಡವರಲ್ಲಿ ಎಷ್ಟು ಮಂದಿ ಬರಹಗಾರರಾದಾರೋ ಅರಿಯೆ. ಮುಂದಿನ ವಾರವೂ ಎರಡು ಪುಟ ಬರೆದು ತರುವವರಂತೂ ಇದ್ದಾರೆ.

ಕಮಲಾಪುರದ ಆ ಹುಡುಗ ಶಾಲೆ ಬಿಟ್ಟು ಬಹಳ ವರ್ಷಗಳಾದವು. ಎಲ್ಲಿಯಾದರೂ ಸಿಕ್ಕರೆ, ಆ ಎರಡು ಪುಟ ಬಲು ಚೆನ್ನಾಗಿದ್ದವೆಂದು ಹೇಳುವುದೊಂದು ನನ್ನ ಬಾಕಿ ಉಳಿದಿದೆ.