ಇಂದಿನ ಚಿಂತನೆ: ಓದಿದ್ದೊಂದು, ಮಾಡುವ ಕೆಲಸ ಇನ್ನೊಂದು



ನಾನು ಓದಿದ್ದು ಬಿ.ಎಸ್ಸಿ., ರಸಾಯನಶಾಸ್ತ್ರ. ಮಾಡುತ್ತಿರುವುದು ಬಸ್ ಕಂಡಕ್ಟರ್ ಕೆಲಸ. ಹೋದ ವಾರ ಬಸ್ ಹತ್ತಿದ ನನ್ನ ಹಳೆಯ ಮೇಷ್ಟ್ರೊಬ್ಬರು, ಇದಕ್ಕಾ ಅಷ್ಟು ಓದಿದ್ದು ಎಂದರು. ಕೂಲಿ ಮಾಡಿ ಓದಿಸಿದ ಅವ್ವನ ಮುಖ ಕಣ್ಣಮುಂದೆ ಬಂತು. ಆ ರಾತ್ರಿ ನಿದ್ದೆ ಬರದೆ ಬಾಬಾಸಾಹೇಬರ ಜೀವನಚರಿತ್ರೆ ತೆಗೆದೆ. ಈ ಸಲ ಒಂದೇ ಸಂಗತಿ ಹುಡುಕಿದೆ: ಅವರು ಕಲಿತದ್ದೇನು, ಮಾಡಿದ್ದೇನು?

ಕೊಲಂಬಿಯಾದಲ್ಲಿ ಅವರು ಮುಖ್ಯವಾಗಿ ಓದಿದ್ದು ಅರ್ಥಶಾಸ್ತ್ರ. ವಿದ್ಯಾರ್ಥಿವೇತನದ ಕರಾರಿನಂತೆ 1917ರಲ್ಲಿ ಬರೋಡಾದಲ್ಲಿ ಕೆಲಸಕ್ಕೆ ಸೇರಿದರು. ಉಳಿಯಲು ಮನೆ ಸಿಗಲಿಲ್ಲ; ಜಾತಿ ತಿಳಿದೊಡನೆ ಪಾರ್ಸಿ ವಸತಿಗೃಹದಿಂದಲೂ ಹೊರಹಾಕಿದರು. ಮುಂಬಯಿಗೆ ಮರಳಿ ಷೇರು ವ್ಯವಹಾರಕ್ಕೆ ಸಲಹೆ ಕೊಡುವ ಕೆಲಸ ಶುರು ಮಾಡಿದರು. ಅದು ಓದಿಗೆ ಹೊಂದುವ ಕೆಲಸವೇ. ಸಲಹೆ ಕೊಡುವವರು ಅಸ್ಪೃಶ್ಯರೆಂದು ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು.

1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕರಾಗಿ, ಸಂಬಳದಲ್ಲಿ ಉಳಿಸಿ, ಮತ್ತೆ ಲಂಡನ್ನಿಗೆ ಹೋದರು. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್ಸಿ. ಬಂತು. ಆ ಹೊತ್ತಿಗೆ ಬ್ಯಾರಿಸ್ಟರ್ ಕೂಡ ಆಗಿದ್ದರು. ಇಲ್ಲಿಗೆ ಬಂದು ಹಿಡಿದದ್ದು ವಕೀಲಿ. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಕುಡಿದಾಗ ಸವರ್ಣೀಯರು ಕೋರ್ಟಿಗೆ ಹೋದರು. 1937ರಲ್ಲಿ ಮುಂಬಯಿ ಹೈಕೋರ್ಟಿನ ತೀರ್ಪು ನಮ್ಮವರ ಪರ ಬಂತು. ಆ ನೀರಿಗೆ ರೂಪಾಯಿಯ ಶಾಸ್ತ್ರ ಸಾಲುತ್ತಿರಲಿಲ್ಲ, ಕಾನೂನು ಬೇಕಿತ್ತು. ಕಾನೂನು ಮುಟ್ಟದ ಜಾಗವೆಂದರೆ ಮನಸ್ಸು. ಅದಕ್ಕೆ ಧಮ್ಮ ಬೇಕಿತ್ತು. ಶಾಲೆಯಲ್ಲಿ ಸಂಸ್ಕೃತ ಕಲಿಯಲು ಬಿಡದೆ ಪರ್ಷಿಯನ್ ಓದಿಸಲ್ಪಟ್ಟ ಆ ಹುಡುಗ, ಮುಂದೆ ಪಾಳಿ ಕಲಿತು ಪಾಳಿ ನಿಘಂಟನ್ನೇ ಬರೆಯಲು ಕುಳಿತರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರಿಗೆ ಧಮ್ಮದ ದಾರಿ ತೆರೆದರು. ಅದಕ್ಕೆ ಯಾವ ಕಾಲೇಜಿನ ಪದವಿಯೂ ಇರಲಿಲ್ಲ.

ಹಾಗಾದರೆ ಅರ್ಥಶಾಸ್ತ್ರ ದಂಡವಾಯಿತೇ? ಇಲ್ಲ. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಂಡಾಗ ಅದೇ ಓದು ಕೂಲಿಕಾರರ ಪರ ನಿಂತಿತು.

ನನಗೆ ಎರಡು ಮಾತು ತಿಳಿದವು. ಒಂದು, ಜಾತಿಯ ಕಾರಣಕ್ಕೆ ಮುಚ್ಚಿದ ಬಾಗಿಲನ್ನು ಹಣೆಬರಹ ಅನ್ನಬಾರದು. ಬಾಬಾಸಾಹೇಬರು ಅನ್ನಲಿಲ್ಲ, ಹೋರಾಡಿದರು. ಎರಡು, ಸಮ್ಯಕ್ ಆಜೀವ ನಮ್ಮ ಸರ್ಟಿಫಿಕೇಟ್ ಕೇಳುವುದಿಲ್ಲ. ಈ ದುಡಿಮೆಯಿಂದ ಯಾರಿಗಾದರೂ ನೋವಾಯಿತೇ, ಮೋಸವಾಯಿತೇ ಎಂದಷ್ಟೇ ಕೇಳುತ್ತದೆ. ಚಿಲ್ಲರೆ ಸರಿಯಾಗಿ ಕೊಟ್ಟು, ವಯಸ್ಸಾದವರು ಇಳಿಯುವ ತನಕ ಸೀಟಿ ಊದದ ಕಂಡಕ್ಟರ್ ಕೆಲಸದಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನನ್ನ ರಸಾಯನಶಾಸ್ತ್ರವೂ ಎಲ್ಲಿಗೂ ಹೋಗಿಲ್ಲ. ಈ ಭಾನುವಾರದಿಂದ ವಿಹಾರದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಹೇಳಿಕೊಡುತ್ತೇನೆ.

*ಇಂದು ಯೋಚಿಸೋಣ:* ನಾನು ಕಲಿತದ್ದು ಇವತ್ತು ಯಾರಿಗೆ ಬೇಕಾಗಿದೆ?

ಭವತು ಸಬ್ಬ ಮಂಗಲಂ 🙏